ಹುಳದ ಮನೆಯಲ್ಲಿ ಬಿಟ್ಟ ನಾಯಿ

ಇದನ್ನು ಬರೆಯಲು ಕೂತಾಗ ಎರಡು ಡೈರಿಗಳನ್ನು ಮುಂದಿಟ್ಟುಕೊಂಡಿದ್ದೇನೆ. ಒಂದು ಕೆಲಸದ್ದು, ಇನ್ನೊಂದು ನನ್ನದು. ಕೆಲಸದ ಡೈರಿಯಲ್ಲಿ ಆ ದಿನಗಳ ಉಷ್ಣಾಂಶ, ತೇವಾಂಶ, ಸೊಪ್ಪು ಕೊಟ್ಟ ಹೊತ್ತು ಎಲ್ಲವೂ ಇವೆ. ನನ್ನ ಡೈರಿಯಲ್ಲಿ ಅದೇ ದಿನಗಳ ಪುಟಗಳು ಖಾಲಿ. ಹಾಗಾಗಿ ಹುಳುವಿನ ವಿಷಯದಲ್ಲಿ ನಾನು ಬರೆಯುವುದನ್ನು ನಂಬಬಹುದು. ನಾಯಿಯ ವಿಷಯದಲ್ಲಿ ಅಷ್ಟು ಖಾತ್ರಿ ಕೊಡಲಾರೆ. ಕೆಲವು ದಿನಗಳನ್ನು ಹಿಂದುಮುಂದು ಮಾಡಿರಬಹುದು. ಒಬ್ಬರು ಆಡಿದ ಮಾತನ್ನು ಇನ್ನೊಬ್ಬರ ಬಾಯಿಗೆ ಹಾಕಿರಬಹುದು. ನನಗೆ ಬೇಡವಾದದ್ದನ್ನು ಮಾತ್ರ ಮರೆತಿರಬಹುದು. ಈ ಕೊನೆಯದೇ ನನ್ನನ್ನು ಹೆಚ್ಚು ಕಾಡುವುದು.

ನಾನು ಶಿಡ್ಲಘಟ್ಟದ ಹತ್ತಿರದ ಒಂದು ಚಾಕಿ ಕೇಂದ್ರದಲ್ಲಿ ತಾಂತ್ರಿಕ ಮೇಲ್ವಿಚಾರಕಿ. ಆಗಷ್ಟೇ ಮೊಟ್ಟೆಯೊಡೆದ ರೇಷ್ಮೆಹುಳುಗಳನ್ನು ಎರಡನೇ ಜ್ವರದವರೆಗೆ, ಎಂದರೆ ಎರಡು ಸಲ ಪೊರೆ ಬಿಡುವವರೆಗೆ, ಬೆಚ್ಚಗಿನ ಮುಚ್ಚಿದ ಕೋಣೆಯಲ್ಲಿ ಸಾಕಿ ರೈತರಿಗೆ ಕೊಡುವುದು ನಮ್ಮ ಕೆಲಸ. ಮಿಕ್ಕ ಹದಿನೆಂಟು ಇಪ್ಪತ್ತು ದಿನ ರೈತರ ಮನೆಯಲ್ಲಿ ಮೇಯ್ದು ಅವು ಗೂಡು ಕಟ್ಟಬೇಕು. ಆ ಸಲ ನಮ್ಮಿಂದ ಹುಳು ಒಯ್ದ ಮನೆಗಳಿಂದ ಒಂದರ ಹಿಂದೊಂದು ಕರೆ ಬರತೊಡಗಿತು. ಮೊದಲು ಕೈವಾರದ ಕಡೆಯಿಂದ, ಆಮೇಲೆ ಗೌರಿಬಿದನೂರಿನ ಕಡೆಯಿಂದ. ಹುಳು ಊದಿಕೊಂಡು ತಟ್ಟೆಯ ಅಂಚಿನಲ್ಲೇ ಸುತ್ತುತ್ತಿವೆ, ಮುಟ್ಟಿದರೆ ಚರ್ಮ ಹರಿದು ಹಾಲಿನಂಥ ನೀರು ಬರುತ್ತಿದೆ. ಹಾಲುತೊಂಡೆ ರೋಗ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಅದು ರೈತರ ಮನೆಯಲ್ಲೇ ಹುಟ್ಟಿತೋ ನಮ್ಮಿಂದ ಹೋಯಿತೋ ಎನ್ನುವುದು ಪ್ರಶ್ನೆ.

ಕೇಂದ್ರದ ಮಾಲೀಕರು ನನ್ನನ್ನು ಕರೆದು, "ಒಂದೊಂದ್ ಮನೆಗೂ ನೀವೇ ಹೋಗ್ಬನ್ನಿ ಮೇಡಂ. ಫೋನಲ್ಲಿ ಕೇಳಿದ್ರೆ ಯಾರೂ ನಿಜ ಹೇಳಲ್ಲ" ಎಂದರು.

ಅವರ ಮಾತು ಸರಿಯೇ. ನಮ್ಮ ಕಡೆ ಹುಳದ ಮನೆಯ ಬಾಗಿಲಲ್ಲಿ ನಿಂತು ಯಾರೂ ರೋಗದ ಹೆಸರೆತ್ತುವುದಿಲ್ಲ. ಎತ್ತಿದರೆ ಕೇಳಿದವರ ಬಾಯಿಂದಲೇ ರೋಗ ಬಂತು ಅನ್ನುತ್ತಾರೆ. "ಹುಳ ಚೆನ್ನಾಗಿ ಮೇಯ್ತಾ ಇದಾವಾ?" ಎಂದು ಕೇಳಬೇಕು. "ಏನೋ, ನಡೀತಿದೆ" ಎಂದು ಉತ್ತರ ಬಂದರೆ ಏನೋ ಆಗಿದೆ ಎಂದು ತಿಳಿಯಬೇಕು. ಆಮೇಲೆ ನೀರು ಕೇಳುವ ನೆಪದಲ್ಲಿ ಹಿತ್ತಿಲಿಗೆ ಹೋಗಿ ಗುಂಡಿ ನೋಡಬೇಕು. ಗುಂಡಿಯ ಮೇಲೆ ಹೊಸ ಸುಣ್ಣ ಬಿದ್ದಿದ್ದರೆ ಅದರ ಕೆಳಗೆ ಸತ್ತ ಹುಳು ಇರುತ್ತವೆ. ಮುಖ ನೋಡಬೇಡಿ, ಗುಂಡಿ ನೋಡಿ ಎಂದು ನಾನೇ ಹೊಸಬರಿಗೆ ಹೇಳಿಕೊಡುತ್ತಿದ್ದೆ.

ಹತ್ತು ಹನ್ನೆರಡು ದಿನದ ಓಡಾಟ. ಹಗಲೆಲ್ಲ ನಾನು ಮನೆಯಲ್ಲಿರುವುದಿಲ್ಲ. ಕಡ್ಲೆಯನ್ನು ಎಲ್ಲಿ ಬಿಡುವುದು?

ಕಡ್ಲೆ ನನ್ನ ನಾಯಿ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಸಿಕ್ಕಿದ್ದು. ಹುರಿಗಡಲೆಯ ಬಣ್ಣ, ಒಂದು ಕಿವಿ ನೆಟ್ಟಗೆ, ಒಂದು ಮಡಚಿಕೊಂಡದ್ದು. ಸಿಕ್ಕಾಗ ಒಂದು ವರ್ಷದ ಒಳಗಿರಬೇಕು. ಚಿಕ್ಕಬಳ್ಳಾಪುರದ ನನ್ನ ಮಹಡಿ ಮನೆಗೆ ತಂದ ವಾರದಲ್ಲೇ ಪಶುವೈದ್ಯರ ಹತ್ತಿರ ಮೊದಲ ಲಸಿಕೆ ಹಾಕಿಸಿದೆ. ಮೂರು ವಾರ ಬಿಟ್ಟು ಎರಡನೆಯದಕ್ಕೆ ಬನ್ನಿ, ಆವತ್ತೇ ಉಣ್ಣೆಗೂ ಔಷಧ ಬಿಡೋಣ ಎಂದರು. ಆ ದಿನ ಬಂದಾಗ ಕೇಂದ್ರದಲ್ಲಿ ಹುಳು ಜ್ವರಕ್ಕೆ ಕೂತಿದ್ದವು. ನಾಯಿಯ ಬೆನ್ನಿಗೆ ಬಿಡುವ ಉಣ್ಣೆಯ ಔಷಧ ನನ್ನ ಬೆರಳಲ್ಲಿ ಚೂರು ಉಳಿದರೂ ತಟ್ಟೆಗಟ್ಟಲೆ ಹುಳು ಸಾಯುತ್ತವೆ. ಈ ಬ್ಯಾಚ್ ಮುಗಿಯಲಿ ಎಂದುಕೊಂಡೆ. ಆ ಬ್ಯಾಚ್ ಮುಗಿಯುವಷ್ಟರಲ್ಲಿ ಇನ್ನೊಂದು ಬಂತು. ಉಣ್ಣೆಯ ಔಷಧ ಬೇಡ, ಲಸಿಕೆ ಮಾತ್ರ ಹಾಕಿ ಎಂದು ಕೇಳಬಹುದಿತ್ತು. ಇದು ನನಗೆ ಹೊಳೆದದ್ದು ಎಲ್ಲ ಮುಗಿದ ಮೇಲೆ.

ಅಲ್ಲಿಯವರೆಗೆ ಮಧ್ಯಾಹ್ನ ಕಡ್ಲೆಗೆ ಊಟ ಹಾಕುತ್ತಿದ್ದವರು ಕೆಳಮನೆಯ ಆಪಾ. ನಾಯಿಯನ್ನು ಮುಟ್ಟುತ್ತಿರಲಿಲ್ಲ, ಮೆಟ್ಟಿಲ ಮೇಲೆ ಅನ್ನ ಇಟ್ಟು, "ಖಾಲೇ ಬೇಟಿ, ನಿಮ್ಮಮ್ಮ ಹುಳದ ಹಿಂದೆ ಹೋಗಿದಾಳೆ" ಎಂದು ದೂರ ನಿಂತು ಮಾತಾಡಿಸುತ್ತಿದ್ದರು. ಅವರು ಮಗಳ ಬಾಣಂತನಕ್ಕೆಂದು ಆಗಷ್ಟೇ ಚಿಂತಾಮಣಿಗೆ ಹೋಗಿದ್ದರು.

ನಾನು ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ಇರುವುದು ಚಿಕ್ಕಬಳ್ಳಾಪುರದಲ್ಲೇ, ಇನ್ನೊಂದು ಬಡಾವಣೆಯಲ್ಲಿ. ಕಾಲೇಜೊಂದರ ಕಚೇರಿಯಲ್ಲಿ ಕೆಲಸ. ಅವಳ ಮನೆಯ ಬ್ರೂನೋ ಎಂಬ ಲ್ಯಾಬ್ರಡಾರ್ ಬೆಳಗಿನಿಂದ ಸಂಜೆಯವರೆಗೆ ನಾಯಿಗಳ ಡೇಕೇರಿನಲ್ಲಿ ಇರುತ್ತಿತ್ತು. ಅದೊಂದು ಭಾನುವಾರ. ಕೆಲಸದ ಡೈರಿಯ ಪ್ರಕಾರ ನಾನು ಆಗ ಕೇಂದ್ರದಲ್ಲಿ ಹಾಸಿಗೆ ಬದಲಿಸುತ್ತಿದ್ದೆ, ಎಂದರೆ ಹಳೆ ಸೊಪ್ಪು, ಹಿಕ್ಕೆ ತೆಗೆದು ಹುಳುಗಳನ್ನು ಹೊಸ ತಟ್ಟೆಗೆ ದಾಟಿಸುತ್ತಿದ್ದೆ. ಫೋನನ್ನು ಸ್ಪೀಕರಿಗೆ ಹಾಕಿ ಕಪಾಟಿನ ಮೇಲಿಟ್ಟಿದ್ದೆ. ತೇವಾಂಶದ ಯಂತ್ರ ಓಡುತ್ತಿತ್ತು. ಅಕ್ಕ ಮೂರು ಜಾಗದ ಹೆಸರು ಹೇಳಿದಳು. ತಾನು ಬಿಡುವ ಜಾಗವೇ ಒಳ್ಳೆಯದು, ಆ ಅಮ್ಮ ತುಂಬ ಶಿಸ್ತು ಎಂದಳು. "ನಿನಗಂತೂ ಇಷ್ಟ ಆಗುತ್ತೆ ಕಣೇ, ನಿನ್ ಥರಾನೇ ಬ್ಲೀಚಿಂಗ್ ಪೌಡರ್ ಪ್ರಿಯೆ" ಎಂದು ನಕ್ಕಳು. ಆಮೇಲೂ ಏನೇನೋ ಮಾತಾಡಿದಳು. ನಾನು ತಟ್ಟೆ ಎಣಿಸುತ್ತ ಹೂಂ ಅನ್ನುತ್ತಿದ್ದೆ. ಫೋನಿನಲ್ಲಿ ಆ ಕರೆಯ ಲೆಕ್ಕ ಇನ್ನೂ ಇದೆ: ಹನ್ನೊಂದು ನಿಮಿಷ. ನನಗೆ ನೆನಪಿರುವುದನ್ನೆಲ್ಲ ಜೋರಾಗಿ ಹೇಳಿ ನೋಡಿದರೆ ನಾಲ್ಕು ನಿಮಿಷ ತುಂಬುವುದಿಲ್ಲ.

ಅದೇ ಮಧ್ಯಾಹ್ನ ಮೂರೂ ಜಾಗ ನೋಡಿದೆ. ರೋಗದ ಬಗ್ಗೆ ನನಗೆ ಭಯವಿತ್ತು, ಅಷ್ಟು ಮಾತ್ರ ಖಂಡಿತ. ಊರಲ್ಲಿ ನಾಯಿಮರಿಗಳು ಸಾಯುತ್ತಿವೆ ಎಂದು ಹಾಲಿನ ಅಂಗಡಿಯವರು ಆ ವಾರವೇ ಹೇಳಿದ್ದರು.

ಮೊದಲನೆಯದು ನಂದಿಯ ಹತ್ತಿರ, ದ್ರಾಕ್ಷಿ ತೋಟದ ಪಕ್ಕದಲ್ಲಿ. ಬಯಲು, ಗಾಳಿ, ಓಡಾಡಲು ಎಷ್ಟು ಬೇಕಾದರೂ ಜಾಗ. ವಾರದ ಕೊನೆಗೆ ಬೆಟ್ಟಕ್ಕೆ ಬರುವವರು ನಾಯಿ ಬಿಟ್ಟುಹೋಗುವ ತಾಣ ಅದು. ಲಸಿಕೆಯ ಕಾರ್ಡ್ ತರಬೇಕಾ ಎಂದು ಕೇಳಿದೆ. ನೋಡಿಕೊಳ್ಳುವಾತ, "ಇದ್ರೆ ತನ್ನಿ ಮೇಡಂ, ಇಲ್ದಿದ್ರೂ ಏನಿಲ್ಲ. ನಮ್ಮಲ್ಲಿ ಯಾವ ನಾಯಿಗೂ ಏನೂ ಆಗಿಲ್ಲ" ಎಂದ. ಏನೂ ಆಗಿಲ್ಲ ಎಂದು ಕೇಳುವ ಮೊದಲೇ ಹೇಳುವವರನ್ನು ನಾನು ನಂಬುವುದಿಲ್ಲ. ಬೇಡವೆಂದೆ. ಎರಡನೆಯದು ಊರೊಳಗೆ, ಔಷಧದ ಅಂಗಡಿಯೊಂದರ ಹಿಂಬದಿ. ಅಲ್ಲಿ ಡ್ರಿಪ್ ಹಾಕಿದ್ದ ನಾಯಿಯೊಂದು ಓಣಿಯಲ್ಲೇ ಮಲಗಿತ್ತು, ಆಡುವ ನಾಯಿಗಳು ಅದನ್ನು ದಾಟಿಕೊಂಡೇ ಒಳಗೆ ಹೋಗಬೇಕು. ಒಳಗೆ ಕಾಲಿಡದೆ ವಾಪಸು ಬಂದೆ.

ಮೂರನೆಯದು ಶಿಡ್ಲಘಟ್ಟದ ರಸ್ತೆಯಲ್ಲಿ ಊರು ದಾಟಿದ ಮೇಲೆ. ಗೇಟು ತೆರೆದ ಕೂಡಲೇ ಬ್ಲೀಚಿಂಗ್ ಪುಡಿಯ ವಾಸನೆ. ಹೊಸ್ತಿಲಲ್ಲಿ ಕಾಲು ಅದ್ದುವ ತೊಟ್ಟಿ. ಹೊರಗಿನ ಚಪ್ಪಲಿ ಅಲ್ಲೇ ಬಿಟ್ಟು ಒಳಗಿನ ಚಪ್ಪಲಿ ಹಾಕಿಕೊಳ್ಳಬೇಕು. ಗೋಡೆಯ ಬುಡಕ್ಕೆ ಸುಣ್ಣದ ಗೆರೆ. ನೆಲ ಕನ್ನಡಿಯ ಹಾಗಿತ್ತು. ಕಿಟಕಿಗಳಿಗೆ ಹುಳುವಿನ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣ ಬಾರದಂತೆ ಪರದೆ, ಅದರ ಮೇಲೆ ಗೋಣಿಯ ತೆರೆ. ಮೇಲೆ ನೋಡಿದರೆ ತೊಲೆಯಲ್ಲಿ ತಟ್ಟೆಗಳ ಸ್ಟ್ಯಾಂಡ್ ಕಟ್ಟುತ್ತಿದ್ದ ಕೊಕ್ಕೆಗಳು ಹಾಗೇ ಇದ್ದವು. ಹಳೆಯ ಹುಳದ ಮನೆ.

"ಇಪ್ಪತ್ತು ವರ್ಷ ಹುಳ ಸಾಕಿದೀನಮ್ಮ ಇಲ್ಲಿ. ಮೊಣಕಾಲು ಹೋದ್ಮೇಲೆ ಬಿಟ್ಟೆ. ನಾಯಿಗೆ ದಿನಕ್ಕೆ ಎರಡ್ ಸಲ ಊಟ, ಹುಳಕ್ಕಾದ್ರೆ ಮೂರ್ನಾಲ್ಕು ಸಲ. ಇದೇ ವಾಸಿ" ಎಂದರು ಆ ಅಮ್ಮ.

ನನ್ನ ಹೆಗಲು ಸಡಿಲವಾದದ್ದು ನೆನಪಿದೆ. ಇವರು ನಮ್ಮವರು ಅನ್ನಿಸಿತು.

"ಕಾರ್ಡ್ ಇದೆಯೇನಮ್ಮ?"

"ಇದೆ" ಎಂದೆ. ಫೋನಿನಲ್ಲಿ ಕಾರ್ಡಿನ ಮೊದಲ ಪುಟದ ಚಿತ್ರವಿತ್ತು. ಅದನ್ನೇ ತೋರಿಸಿದೆ. ಕಡ್ಲೆಯ ಹೆಸರು, ಬಣ್ಣ, ಮೊದಲ ಲಸಿಕೆಯ ಚೀಟಿ. ಅವರು ಕನ್ನಡಕ ಹುಡುಕಿದರು, ಸಿಗಲಿಲ್ಲ, "ಆಯ್ತು ಬಿಡಮ್ಮ, ಓದ್ದೋರು ನೀವು" ಎಂದರು. ಎರಡನೆಯದು ಬಾಕಿ ಇದೆ ಎಂದು ಹೇಳಲು ಆಗ ಸಮಯವಿತ್ತು.

ಆಮೇಲೆ ನಾನು ಕೇಳಿದ ಮಾತು ಇದು, ಇದರಲ್ಲಿ ಮರೆವಿಲ್ಲ: "ಎಲ್ಲಾ ಚೆನ್ನಾಗಿದಾವಾ ಅಮ್ಮ?"

"ಏನೋ, ನಡೀತಿದೆ" ಎಂದರು.

ಯಾವ ರೈತ ಹಾಗಂದರೂ ನಾನು ಎದ್ದು ಹಿತ್ತಿಲಿಗೆ ಹೋಗುತ್ತಿದ್ದೆ. ಆವತ್ತು ಹೋಗಲಿಲ್ಲ. ಈ ಹದಿನೈದು ದಿನದಲ್ಲಿ ಯಾವ ನಾಯಿಯಾದರೂ ಕೆಮ್ಮಿತೇ, ಊಟ ಬಿಟ್ಟಿತೇ, ಕೆಮ್ಮಿದ್ದನ್ನು ಬೇರೆ ಇಡಲು ಕೋಣೆ ಇದೆಯೇ ಎಂದು ಒಂದೊಂದಾಗಿ ಕೇಳಬೇಕಿತ್ತು. ಅಷ್ಟು ಚೊಕ್ಕಟ ಮನೆಯ ಬಾಗಿಲಲ್ಲಿ ನಿಂತು ರೋಗದ ಹೆಸರೆತ್ತಲು ನಾಲಿಗೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಕಡ್ಲೆಯನ್ನು ಬಿಟ್ಟೆ. ಬ್ರೂನೋ ಅಲ್ಲಿತ್ತು, ಓಡಿ ಬಂದು ಇದರ ಮೂತಿಗೆ ಮೂತಿ ಇಟ್ಟಿತು. ಅಮ್ಮ ನಕ್ಕು, "ನೆಂಟ್ರು ಸೇರ್ಕೊಂಡ್ರು" ಎಂದರು. ನನಗೂ ಸಮಾಧಾನವಾಯಿತು. ಗೊತ್ತಿರುವ ನಾಯಿಯ ಜೊತೆ ಇರುತ್ತದಲ್ಲ ಎಂದು.

ನಾನು ಕೈವಾರದ ಕಡೆಗೆ ಬಸ್ಸು ಹಿಡಿದೆ. ಆ ವಾರದ ಮನೆಗಳ ವಿವರವೆಲ್ಲ ಇಲ್ಲಿ ಬೇಡ. ಒಂದು ಮನೆ ಮಾತ್ರ ಹೇಳಬೇಕು. ಅಲ್ಲಿ ಹುಳು ನೋಡಿಕೊಳ್ಳುತ್ತಿದ್ದಾಕೆ ನಡುವಯಸ್ಸಿನ ಹೆಂಗಸು, ಮನೆಮಾತು ತೆಲುಗು. "ರಾಮ್ಮಾ, ಕೂತ್ಕೋ" ಎಂದು ಚಾಪೆ ಹಾಸಿ ಮಜ್ಜಿಗೆ ಕೊಟ್ಟರು. ಹುಳು ಮೇಯುತ್ತಿವೆಯಾ ಎಂದೆ. ನಡೀತಿದೆ ಎಂದರು. ಹಿತ್ತಿಲಿನ ಗುಂಡಿಯ ಮೇಲೆ ಸುಣ್ಣ ಇನ್ನೂ ಹಸಿಯಾಗಿತ್ತು. ನಾನು ನಿಂತು ನೋಡುವಾಗ ಹಿಂದೆ ಬಂದು, "ನೋಡ್ಬಿಟ್ಯಾ? ಸರಿ ಬಿಡು. ಹೇಳೋದು ಕಷ್ಟ, ನೋಡಿದ್ರೆ ಒಳ್ಳೇದೇ" ಎಂದರು. ಆಮೇಲೆ ಮುಚ್ಚಿಡಲಿಲ್ಲ. ಯಾವ ದಿನ ಮೊದಲ ಹುಳು ಊದಿತು, ಯಾವ ಸಾಲಿನ ತಟ್ಟೆಯಲ್ಲಿ, ಎಲ್ಲ ಹೇಳಿದರು. ತಟ್ಟೆ ಎಲ್ಲಿಂದ ಬಂದದ್ದು ಎಂದು ಕೇಳಿದೆ.

"ನಿಮ್ಮ ವ್ಯಾನಲ್ಲೇ ಕಣಮ್ಮ. ಹುಳದ ಜೊತೆ ಬಂದ ತಟ್ಟೆ. ಒಂದರ ಅಂಚಲ್ಲಿ ಒಣಗಿದ ಹಳೇ ಸೊಪ್ಪು ಅಂಟ್ಕೊಂಡಿತ್ತು, ನಾನೇ ಉಜ್ಜಿ ತೆಗೆದೆ."

ಅಲ್ಲಿ ನನಗೆ ಎಳೆ ಸಿಕ್ಕಿತು. ಒಂದು ಊರಿನಿಂದ ವಾಪಸು ಬಂದ ತಟ್ಟೆಗಳು ಬ್ಲೀಚಿಂಗ್ ನೀರಿನಲ್ಲಿ ಅದ್ದದೆಯೇ ಇನ್ನೊಂದು ಊರಿಗೆ ಹೋಗಿದ್ದವು. ಕೇಂದ್ರದ ನೆಲ ಚೊಕ್ಕಟ, ಗೋಡೆ ಚೊಕ್ಕಟ, ನಮ್ಮ ಕಾಲು ಚೊಕ್ಕಟ. ರೋಗ ಮಾತ್ರ ಊರಿಂದ ಊರಿಗೆ ತಟ್ಟೆಯಲ್ಲಿ ಕೂತು ಪ್ರಯಾಣ ಮಾಡಿತ್ತು. ಶನಿವಾರ ಸಂಜೆ ಮಾಲೀಕರಿಗೆ ಇದನ್ನು ಹೇಳಿದಾಗ ಅವರು, "ನಮ್ ಕೈಯಿಂದಲೇ ಹೋಗಿದೆ ಅಂತ ಎಲ್ರಿಗೂ ಹೇಳಿ ಮೇಡಂ. ಮುಚ್ಚಿಟ್ರೆ ಮುಂದಿನ ಬೆಳೆನೂ ಹೋಗುತ್ತೆ" ಎಂದರು.

ಅಲ್ಲಿಂದ ನೇರವಾಗಿ ಕಡ್ಲೆಯನ್ನು ಕರೆತರಲು ಹೋದೆ. ಬಾಗಿಲಲ್ಲಿ ಕಾಲು ಅದ್ದಿದೆ, ಚಪ್ಪಲಿ ಬದಲಿಸಿದೆ, ತಲೆಯೆತ್ತಿದೆ. ಕೋಣೆಯ ನಡುವೆ ಒಂದು ದೊಡ್ಡ ಸ್ಟೀಲಿನ ಬೋಗುಣಿ. ನಾಲ್ಕು ನಾಯಿಗಳು ಸುತ್ತ ನಿಂತು ಒಂದೇ ನೀರು ಕುಡಿಯುತ್ತಿದ್ದವು, ಕಡ್ಲೆಯೂ ಒಂದು. ಆರು ದಿನ ಎರಡು ಹೊತ್ತು ನಾನು ಆ ಬಾಗಿಲಿಗೆ ಬಂದಿದ್ದೇನೆ. ಬೋಗುಣಿ ಆರೂ ದಿನ ಅಲ್ಲೇ ಇದ್ದಿರಬೇಕು. ನನಗೆ ನೆಲ ಮಾತ್ರ ಕಂಡಿತ್ತು.

"ಅಮ್ಮ, ಕಡ್ಲೆಗೆ ನಾಳಿದ್ದಿಂದ ಬೇರೆ ಬಟ್ಟಲು ತರ್ತೀನಿ" ಎಂದೆ. ಬ್ರೂನೋ ಕಾಣಲಿಲ್ಲ. ಕೇಳಿದೆನೋ ಇಲ್ಲವೋ ತಿಳಿಯದು. ಸೋಮವಾರ ಬಟ್ಟಲು ಒಯ್ದು ಕೊಟ್ಟೆ, ಕಡ್ಲೆಯನ್ನೂ ಬಿಟ್ಟು ಬಂದೆ.

ಬುಧವಾರ ಬೆಳಿಗ್ಗೆ ಕೆಲಸದ ಡೈರಿಯ ಅಂಚಿನಲ್ಲಿ, ತೇವಾಂಶದ ಅಂಕಣದ ಪಕ್ಕ, ಪೆನ್ಸಿಲಿನಲ್ಲಿ ಬರೆದಿದ್ದೇನೆ: ಕಣ್ಣಲ್ಲಿ ಪಿಚ್ಚು, ಮೊಸರನ್ನ ಬಿಟ್ಟಿದೆ. ಆವತ್ತು ಗೌರಿಬಿದನೂರಿನ ಕಡೆ ಮೂರು ಮನೆ ಬಾಕಿ ಇದ್ದವು. ಕಡ್ಲೆಯನ್ನು ಡೇಕೇರಿಗೆ ಕಳಿಸಲಿಲ್ಲ, ಅಷ್ಟು ವಿವೇಕವಿತ್ತು. ಆದರೆ ವೈದ್ಯರಲ್ಲಿಗೂ ಹೋಗಲಿಲ್ಲ. ಮನೆಯಲ್ಲಿ ನೀರಿಟ್ಟು, ಕಿಟಕಿ ತೆರೆದು ಗೌರಿಬಿದನೂರಿಗೆ ಹೋದೆ. ವಾಪಸು ಬಂದಾಗ ಬಾಗಿಲಿಗೆ ಎದ್ದು ಬರಲಿಲ್ಲ. ಚಾಪೆಯ ಮೇಲೆ ಮಲಗಿದ್ದ ಕಡೆಯಿಂದಲೇ ಬಾಲ ಎರಡು ಸಲ ನೆಲಕ್ಕೆ ಬಡಿಯಿತು. ಮೂಗು ಒಣಗಿ ಬಿರುಕು ಬಿಟ್ಟಿತ್ತು. ಕೆಮ್ಮಿತು.

ಗುರುವಾರ ಬೆಳಿಗ್ಗೆ ವೈದ್ಯರು ಮೂಗಿನಿಂದ ಹತ್ತಿಯ ಕಡ್ಡಿಯಲ್ಲಿ ದ್ರವ ತೆಗೆದು ಪಟ್ಟಿಯ ಮೇಲೆ ಬಿಟ್ಟರು. ಎರಡು ಗೆರೆ ಬಂತು.

"ಡಿಸ್ಟೆಂಪರ್. ಕಾರ್ಡ್ ತೋರ್ಸಿ." ಈ ಸಲ ಇಡೀ ಕಾರ್ಡ್ ಕೊಟ್ಟೆ. ಪುಟ ತಿರುವಿದರು. "ಎರಡನೇ ಡೋಸ್ ಎಲ್ಲಮ್ಮ?"

ನಾನು ಹುಳುವಿನ ಕಥೆ ಹೇಳಲು ಶುರು ಮಾಡಿದೆ. ಅವರು ತಡೆಯದೆ ಪೂರ್ತಿ ಕೇಳಿಸಿಕೊಂಡರು, ಅದು ಬೈಗುಳಕ್ಕಿಂತ ಕಷ್ಟವಾಗಿತ್ತು. ಡೇಕೇರಿನ ಚೊಕ್ಕಟದ ಬಗ್ಗೆಯೂ ಹೇಳಿದೆ, ಕಾಲು ಅದ್ದುವ ತೊಟ್ಟಿಯ ಬಗ್ಗೆಯೂ.

"ಇದು ನಿಮ್ಮ ಹುಳದ ರೋಗ ಅಲ್ಲಮ್ಮ, ಧೂಳಲ್ಲಿ ವರ್ಷಗಟ್ಲೆ ಬದುಕಲ್ಲ. ನೆಲದ ಮೇಲೆ ಬೇಗ ಸಾಯುತ್ತೆ. ಕೆಮ್ಮೋ ನಾಯಿಯ ಉಸಿರಲ್ಲಿ ಬರುತ್ತೆ, ಒಂದೇ ಬಟ್ಟಲಲ್ಲಿ ಬರುತ್ತೆ. ಗಾಳಿ ಆಡದ ರೂಮಾದ್ರೆ ಇನ್ನೂ ಸುಲಭ. ಜಾಗ ನೋಡುವಾಗ ಕಿಟಕಿ ನೋಡ್ಬೇಕಿತ್ತು. ಎಲ್ಲ ನಾಯಿಗಳ ಕಾರ್ಡ್ ನೋಡ್ತಾರಾ ಅಂತ ಕೇಳ್ಬೇಕಿತ್ತು."

ಗೋಣಿಯ ತೆರೆ ಬಿಟ್ಟ ಆ ಕಿಟಕಿಗಳು ಕಣ್ಣ ಮುಂದೆ ಬಂದವು. ಗಾಳಿಯಾಡದ, ಬೆಚ್ಚಗಿನ, ತೇವ ಹಿಡಿದಿಡುವ ಕೋಣೆ. ಮರಿಹುಳುವಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಅದನ್ನು ನೋಡಿಯೇ ನಾನು ಒಪ್ಪಿದ್ದು.

ಎಲ್ಲಿಂದ ಬಂತೆಂದು ಖಚಿತವಾಗಿ ಹೇಳಲಾಗದು, ಬೀದಿನಾಯಿಯಿಂದಲೂ ಬಂದಿರಬಹುದು ಎಂದೂ ವೈದ್ಯರು ಹೇಳಿದರು. ರೋಗಕ್ಕೆಂದೇ ಔಷಧವಿಲ್ಲ, ದ್ರವ ಕೊಟ್ಟು, ಜ್ವರ ಇಳಿಸಿ, ಕಾಯಬೇಕು. "ನರಕ್ಕೆ ಏರದೇ ಇದ್ರೆ ಉಳಿಯುತ್ತೆ."

ಹೊರಗೆ ಬಂದು ಆಸ್ಪತ್ರೆಯ ಕಟ್ಟೆಯ ಮೇಲೆ ಕಡ್ಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಡೇಕೇರಿನಲ್ಲಿ ಹನ್ನೆರಡು ನಾಯಿಗಳಿದ್ದವು. ಅವುಗಳ ಮನೆಯವರಲ್ಲಿ ಯಾರಾದರೂ ಈಗ ನನ್ನ ಹಾಗೆ, ಸ್ವಲ್ಪ ನೆಗಡಿ ಎಂದುಕೊಂಡು ಕೆಲಸಕ್ಕೆ ಹೊರಟಿರಬಹುದು. ಕೈವಾರದ ಮನೆಯಲ್ಲಿ ನಾನು ಏನು ಕೇಳಲು ಹೋಗಿದ್ದೆನೋ ಅದನ್ನು ಇಲ್ಲಿ ಹೇಳಬೇಕಾದವಳು ನಾನೇ. ಎದ್ದು ಆಟೋ ಹಿಡಿದು ಡೇಕೇರಿನ ಗೇಟಿಗೆ ಹೋದೆ. ಕಡ್ಲೆಯನ್ನು ಆಟೋದಲ್ಲೇ ಮಲಗಿಸಿದೆ, ಒಳಗೆ ಹೋಗಲಿಲ್ಲ. ಅಮ್ಮನನ್ನು ಹೊರಗೆ ಕರೆದು ವಿಷಯ ಹೇಳಿದೆ, ನಾಯಿಗಳ ಹಾಜರಿ ಪುಸ್ತಕ ಕೇಳಿದೆ.

ಅವರು ಗೇಟನ್ನು ಎಳೆದು ಮುಚ್ಚಿದರು. "ಹೆಸ್ರು ಹೇಳ್ಬೇಡಮ್ಮ. ನೀನೂ ಹುಳದ ಮನೆಯವಳು, ನಿನಗೆ ಗೊತ್ತಿಲ್ವಾ? ಒಂದ್ ಸಲ ಹೆಸ್ರು ಬಿದ್ರೆ ಈ ಬಾಗ್ಲಿಗೆ ಯಾರೂ ಬರಲ್ಲ."

"ನಾನು ಹೇಳ್ದೇ ಇದ್ರೆ ಇನ್ನೊಂದ್ ನಾಯಿ ಸಾಯುತ್ತಮ್ಮ."

"ನಿಂದು ಸಾಯುತ್ತೆ ಅಂದ್ರಾ ಡಾಕ್ಟ್ರು?"

ನಾನು ಆಟೋದ ಕಡೆ ನೋಡಿದೆ. ಅವರು ಒಳಗೆ ಹೋದರು. ಬರುವುದಿಲ್ಲ ಎಂದುಕೊಂಡೆ. ಪುಸ್ತಕ ತಂದು ಕೊಟ್ಟು ಗೇಟಿನ ಕಂಬಕ್ಕೆ ಒರಗಿ ನಿಂತರು. ಅವರ ಬಗ್ಗೆ ಏನೇ ಬರೆದರೂ ಇದನ್ನು ಬಿಡಬಾರದು: ಕೇಳಿದ ಮೇಲೆ ಅವರು ಮುಚ್ಚಿಡಲಿಲ್ಲ. ಮೊದಲ ದಿನವೇ ಕೇಳಿದ್ದರೂ ಮುಚ್ಚಿಡುತ್ತಿರಲಿಲ್ಲವೇನೋ.

ಪುಸ್ತಕದ ಪ್ರಕಾರ ಬ್ರೂನೋ ಹಿಂದಿನ ವಾರದ ಸೋಮವಾರ ಬಂದಿತ್ತು, ಮಂಗಳವಾರ ಬಂದಿತ್ತು. ಬುಧವಾರದ ಎದುರಿಗೆ "ಮನೆಯವರು ಬೇಗ ಕರೆದುಕೊಂಡು ಹೋದರು" ಎಂದಿತ್ತು. ಆಮೇಲೆ ಖಾಲಿ. ಕಾರಣ ಬರೆದಿರಲಿಲ್ಲ. ಅಮ್ಮನನ್ನು ಕೇಳಿದರೆ, "ಸುಸ್ತಾಗಿತ್ತು, ಮೂಗು ಸೋರ್ತಿತ್ತು. ಬಿಸಿಲಿಗೆ ಇರ್ಬೇಕು ಅಂದ್ರು ನಿಮ್ಮಕ್ಕ" ಎಂದರು.

ಮನೆಗೆ ಬಂದು ಕಾಗದದ ಮೇಲೆ ಐದು ವಾಕ್ಯ ಬರೆದುಕೊಂಡೆ. ನನ್ನ ನಾಯಿಗೆ ಡಿಸ್ಟೆಂಪರ್ ಬಂದಿದೆ. ನಿಮ್ಮ ನಾಯಿ ಅದರ ಜೊತೆ ಇತ್ತು. ನನ್ನ ನಾಯಿಗೆ ಲಸಿಕೆ ಪೂರ್ತಿ ಆಗಿರಲಿಲ್ಲ, ಅದನ್ನು ನಾನು ಹೇಳಿರಲಿಲ್ಲ. ಕೆಮ್ಮು, ಕಣ್ಣು ಮೂಗು ಸೋರುವುದು, ಊಟ ಬಿಡುವುದು ಕಂಡರೆ ಕೂಡಲೇ ವೈದ್ಯರಿಗೆ ತೋರಿಸಿ. ಕಾಣದಿದ್ದರೂ ಕೆಲವು ವಾರ ಬೇರೆ ನಾಯಿಗಳಿಂದ ದೂರವಿಡಿ. ಒಬ್ಬೊಬ್ಬರಿಗೂ ಕರೆ ಮಾಡಿ ಇದನ್ನೇ ಓದಿದೆ. ಒಬ್ಬರು, "ಕಾರ್ಡ್ ಇಲ್ದೇ ತಂದು ಬಿಟ್ಟು ಈಗ ಫೋನ್ ಮಾಡ್ತೀರಾ?" ಎಂದು ಫೋನ್ ಇಟ್ಟರು. ಇನ್ನೊಬ್ಬರ ಮನೆಯಲ್ಲಿ ಆಗಲೇ ಕೆಮ್ಮು ಶುರುವಾಗಿತ್ತು, ಅವರು ಅಳತೊಡಗಿದರು. ಆ ನಾಯಿ ಆಮೇಲೆ ಉಳಿಯಿತು ಎಂದು ತಿಳಿಯಿತು. ಈ ಇಡೀ ಪ್ರಕರಣದಲ್ಲಿ ನಾನು ಸರಿಯಾಗಿ ಮಾಡಿದ್ದು ಅದೊಂದೇ ಇರಬೇಕು.

ಆರನೆಯ ಕರೆ ಅಕ್ಕನಿಗೆ. ಅವಳಿಗೂ ಅದೇ ಐದು ವಾಕ್ಯ ಓದಿದೆ, ಬೇರೆ ಹೇಗೆ ಹೇಳುವುದೆಂದು ತಿಳಿಯದೆ.

"ಬ್ರೂನೋ ಸರಿಹೋಗಿದಾನೆ ಕಣೇ" ಎಂದಳು.

"ಸರಿಹೋಗೋಕೆ ಏನಾಗಿತ್ತು?"

"ಸ್ವಲ್ಪ ಕೆಮ್ಮು. ಮೂಗು ಸೋರ್ತಿತ್ತು. ಅಷ್ಟೇ." ಮತ್ತೆ, "ಯಾರ್ಯಾರಿಗೆ ಹೇಳ್ದೆ? ಬ್ರೂನೋ ಹೆಸ್ರು ಹೇಳಿದ್ಯಾ?"

"ಇಲ್ಲ. ಕಡ್ಲೆ ಹೆಸ್ರು ಮಾತ್ರ ಹೇಳ್ದೆ."

"ಮೊದ್ಲಿಂದ್ಲೂ ಹಿಂಗೇ ನೀನು. ರೋಗ ಬಂದ್ರೆ ವಾಸಿ ಮಾಡೋದ್ ಬಿಟ್ಟು ಎಲ್ಲಿಂದ ಬಂತು ಅಂತ ಹುಡುಕ್ತಾ ಕೂರ್ತೀಯ" ಎಂದಳು. ಕೋಪದಲ್ಲೇನೂ ಹೇಳಲಿಲ್ಲ. ಸಂಜೆ ಎಳನೀರು ತಂದು ನನ್ನ ಮೆಟ್ಟಿಲ ಮೇಲಿಟ್ಟು, ಬ್ರೂನೋಗೆ ಅಂಟಬಾರದೆಂದು ಒಳಗೆ ಬರದೆ ಹೋದಳು. ಆಗಲೂ ಅವಳೇ ಸರಿ.

ಮಾಲೀಕರು ರಜೆ ಕೊಟ್ಟರು. ಒಂಬತ್ತು ದಿನ ನಾನು ಹುಳು ಸಾಕುವ ಹಾಗೆ ನಾಯಿಯನ್ನು ನೋಡಿಕೊಂಡೆ. ಎರಡು ಗಂಟೆಗೊಮ್ಮೆ ಚಮಚದಲ್ಲಿ ಗಂಜಿ, ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಕಣ್ಣು, ಬೆಳಿಗ್ಗೆ ಸಂಜೆ ಉಷ್ಣಾಂಶ. ಐದನೆಯ ದಿನ ಜ್ವರ ಇಳಿಯಿತು. ಎದ್ದು ಬಾಲ್ಕನಿಯ ತನಕ ಹೋಗಿ ಬೀದಿ ನೋಡಿತು. ಚಿಂತಾಮಣಿಯಿಂದ ಆಪಾ ಫೋನ್ ಮಾಡಿದಾಗ, "ಹಸೀತಾ ಇದೆ ಅನ್ಸುತ್ತೆ ಆಪಾ" ಎಂದೆ. ಅವರು, "ನಾನ್ ಬರೋವರ್ಗೂ ಇರೋಕೆ ಹೇಳು ಅದಕ್ಕೆ, ನನ್ ಅನ್ನ ತಿನ್ನದೇ ಎಲ್ಲೂ ಹೋಗೋ ಹಾಗಿಲ್ಲ" ಎಂದರು.

ಎಂಟನೆಯ ದಿನ ಬೆಳಿಗ್ಗೆ ಕೆಳದವಡೆ ತಾನಾಗಿ ಅಲುಗತೊಡಗಿತು, ಏನನ್ನೋ ಅಗಿಯುತ್ತಿರುವ ಹಾಗೆ. ಬಾಯಲ್ಲಿ ಏನೂ ಇರಲಿಲ್ಲ. ನನಗೆ ಅರ್ಥವಾಯಿತು, ಆದರೂ ಬೆರಳು ಹಾಕಿ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಮೊದಲ ಸೆಳೆತ ಬಂತು, ಸಂಜೆಯೊಳಗೆ ಮೂರು. ಸೆಳೆತ ಬಿಟ್ಟ ಮೇಲೆ ಅದು ನನ್ನನ್ನು ನೋಡುತ್ತಿತ್ತು, ಗುರುತು ಸಿಗುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ವೈದ್ಯರು ಮನೆಗೆ ಬಂದರು. ಕೇಳಿದ ಪ್ರಶ್ನೆಗಳಿಗೆಲ್ಲ ತಾಳ್ಮೆಯಿಂದ ಉತ್ತರಿಸಿದರು. ಕೊನೆಗೆ, "ಇನ್ನು ಕಾಯೋದು ನಿಮಗೋಸ್ಕರ ಆಗುತ್ತಮ್ಮ, ಅದಕ್ಕೋಸ್ಕರ ಅಲ್ಲ" ಎಂದರು. ಕೊನೆಯ ಚುಚ್ಚುಮದ್ದಿನ ಒಪ್ಪಿಗೆಗೆ ನಾನು ಸಹಿ ಹಾಕಿದೆ. ಮಡಚಿದ ಕಿವಿಯನ್ನು ಬೆರಳಲ್ಲಿ ನೆಟ್ಟಗೆ ಹಿಡಿದುಕೊಂಡಿದ್ದೆ. ಕೈ ಬಿಟ್ಟಾಗ ಅದು ಮತ್ತೆ ಮಡಚಿಕೊಂಡಿತು.

ಮಾಲೀಕರು ತಮ್ಮ ಹಿಪ್ಪುನೇರಳೆ ತೋಟದ ಮೂಲೆ ಬಿಟ್ಟುಕೊಟ್ಟರು. "ಸೊಪ್ಪಿನ ಸಾಲಲ್ಲಿ ಬೇಡ, ಆ ಹೊಂಗೆ ಮರದ ಕೆಳಗೆ ತೆಗೀರಿ" ಎಂದು ತಾವೇ ಗುದ್ದಲಿ ತಂದರು. ಎಷ್ಟು ಆಳ, ಎಷ್ಟು ಸುಣ್ಣ, ಮೇಲೆ ಎಷ್ಟು ಮಣ್ಣು ಎನ್ನುವುದು ನನಗೆ ಬಾಯಿಪಾಠ. ಸತ್ತ ಹುಳುಗಳಿಗೆ ರೈತರಿಂದ ಎಷ್ಟೋ ಸಲ ಮಾಡಿಸಿದ್ದೇನೆ. ಹಿಂದಿನ ವಾರಗಳಲ್ಲಿ ಬೇರೆಯವರ ಹಿತ್ತಿಲಲ್ಲಿ ಹುಡುಕಿದಂಥದೇ ಹೊಸ ಸುಣ್ಣದ ಗುಂಡಿಯ ಪಕ್ಕದಲ್ಲಿ ನಾನೇ ನಿಂತಿದ್ದೆ. ಆಪಾಗೆ ಹೇಳಲು ಎರಡು ದಿನ ಬೇಕಾಯಿತು.

ಈಗ ಕೇಂದ್ರದಲ್ಲಿ ವಾಪಸು ಬಂದ ತಟ್ಟೆಗಳನ್ನು ಎರಡು ಸಲ ಅದ್ದುತ್ತೇವೆ. ಡೇಕೇರಿನ ಅಮ್ಮ ಗೋಣಿಯ ತೆರೆ ಕಿತ್ತು, ಒಂದೊಂದು ನಾಯಿಗೂ ಬೇರೆ ಬಟ್ಟಲಿಟ್ಟಿದ್ದಾರಂತೆ, ಕಾರ್ಡಿನ ಕೊನೆಯ ಪುಟ ನೋಡದೆ ಯಾರನ್ನೂ ಒಳಗೆ ಬಿಡುವುದಿಲ್ಲವಂತೆ. ಅಕ್ಕನೇ ಹೇಳಿದ್ದು. ಅವಳೂ ನಾನೂ ಮಾತು ಬಿಟ್ಟಿಲ್ಲ. ಹಬ್ಬಕ್ಕೆ ಒಬ್ಬಟ್ಟು ತಂದುಕೊಟ್ಟಳು. ಬ್ರೂನೋ ಫೋಟೋ ಮಾತ್ರ ಕಳಿಸುವುದಿಲ್ಲ.

ಆ ಭಾನುವಾರದ ಕರೆಯ ಉಳಿದ ಏಳು ನಿಮಿಷ ನನಗೆ ಸಿಗುತ್ತಿಲ್ಲ. ಯಂತ್ರದ ಸದ್ದು ನೆನಪಿದೆ, ತಟ್ಟೆಗಳ ಲೆಕ್ಕ ನೆನಪಿದೆ, ನನ್ನ ಹೂಂಗಳು ನೆನಪಿವೆ. ಯಾವುದಕ್ಕೆ ಹೂಂ ಅಂದೆ ಎನ್ನುವುದಿಲ್ಲ. ಬ್ರೂನೋಗೆ ಕೆಮ್ಮು ಆ ಭಾನುವಾರಕ್ಕೆ ಮೊದಲೇ ಶುರುವಾಗಿದ್ದು ಅಕ್ಕ ಬಾಯಿಬಿಡದೆ ಇದ್ದಿರಬಹುದು. ಅಥವಾ ಎಲ್ಲವನ್ನೂ ಹೇಳಿ, ನಾನೇ ಕೇಳಿಸಿಕೊಳ್ಳದೆ ಇದ್ದು, ಈಗ ನನ್ನನ್ನು ಉಳಿಸಲೆಂದು ಅವಳು ಸುಮ್ಮನಿರಬಹುದು. ಮೊದಲನೆಯದಾದರೆ ಅವಳನ್ನು ಕ್ಷಮಿಸಬಲ್ಲೆ. ಎರಡನೆಯದಾದರೆ ಏನು ಮಾಡಬೇಕೋ ಗೊತ್ತಿಲ್ಲ.

ಒಬ್ಬಟ್ಟಿನ ಡಬ್ಬಿ ವಾಪಸು ಕೊಡಲು ಹೋದಾಗ ಅಡುಗೆಮನೆಯಲ್ಲಿ ನಿಂತು ಕೇಳಿದೆ. ನಾನು ತೊಳೆದೇ ತಂದಿದ್ದ ಡಬ್ಬಿಯನ್ನು ಅವಳು ಮತ್ತೆ ತೊಳೆದಳು, ಒರೆಸಿ ಮೇಲಿಟ್ಟಳು, ಕಾಫಿ ಕುಡೀತೀಯಾ ಎಂದಳು. ಮನೆಗೆ ಬಂದು ಅದನ್ನೇ ಬರೆದು ಕಳಿಸಿದೆ. ಓದಿದ್ದಾಳೆ, ಎರಡು ನೀಲಿ ಗೆರೆ ಬಂದಿವೆ.

ಅಕ್ಕ, ಆ ಭಾನುವಾರ ಫೋನಲ್ಲಿ, ಬ್ರೂನೋ ಕೆಮ್ಮುತ್ತಿದ್ದಾನೆ ಅಂತ ನೀನು ನನಗೆ ಹೇಳಿದ್ಯಾ?